ಕಬ್ಬಿನ ಕಣ್ಣು ಒಡೆಯುವುದರಲ್ಲಿ ಸಕ್ಕರೆಯ ಕಾರ್ಯ

ಕಬ್ಬನ್ನು ತುಂಡರಿಸದೆ ಇಡೀ ಜಲ್ಲೆಯಾಗಿಯೇ ಸಾಲಿನಲ್ಲಿ ಮಲಗಿಸಿ ಮಣ್ಣು ಮುಚ್ಚಿದರೆ, ತುದಿಯ ಕಡೆಯ ಕಣ್ಣುಗಳು ಮೊದಲು ಮೊಳೆತು, ಕೆಳಗಣ ಕಣ್ಣುಗಳು ಬಹುಮಟ್ಟಿಗೆ ಸುಮ್ಮನೆ ಉಳಿಯುವುವು. ಅದೇ ಜಲ್ಲೆಯನ್ನು ಮೂರು ಮೂರು ಕಣ್ಣುಗಳ ತುಂಡುಗಳಾಗಿ ಕಡಿದು ನೆಟ್ಟರೆ ಮೊಳಕೆಯು ಹೆಚ್ಚು ಸಮನಾಗಿ ಬರುವುದು. ಇದನ್ನು ಕಬ್ಬು ಬೆಳೆಯುವವರೆಲ್ಲರೂ ಬಲ್ಲರು. ಇದರ ಕಾರಣವನ್ನು ಬಲ್ಲವರು ವಿರಳ. ಎಕರೆಗೆ ಸುಮಾರು 2½ ರಿಂದ 3 ಟನ್ನುಗಳಷ್ಟು ಬಿತ್ತನೆಯ ಕಬ್ಬನ್ನು ಮಣ್ಣಿಗೆ ಹಾಕುವ ಭೂಮಾಲೀಕರು ಇದನ್ನು ತಿಳಿದಿರುವುದು ಯುಕ್ತ.

ಗಿಡದ ತುದಿಯ ಕುಡಿಯಲ್ಲಿ ಆಕ್ಸಿನ್ ಎಂಬ ದ್ರವ್ಯವು ಹುಟ್ಟಿ, ಕೆಳಕ್ಕೆ ಇಳಿದುಬಂದು, ಪಕ್ಕದ ಕಣ್ಣುಗಳನ್ನು ತಡೆದಿಡುವುದೆಂದು ಥೀಮನ್ ಮತ್ತು ಸ್ಕೂಗ್ ಎಂಬ ವಿದ್ವಾಂಸರು 1933-34ರಲ್ಲಿ ತೋರಿಸಿದರು. ಈ ಮಾತು ಸುಳ್ಳಲ್ಲವಾದರೂ ಪೂರ್ಣವಲ್ಲ. 2014ರಲ್ಲಿ ಆಸ್ಟ್ರೇಲಿಯಾ ದೇಶದ ಕ್ವೀನ್ಸ್‌ಲೆಂಡಿನ ಸಂಶೋಧಕರು ಬಟಾಣಿ ಗಿಡದ ಕುಡಿಯನ್ನು ಚಿವುಟಿ ನೋಡಲಾಗಿ, ಆಕ್ಸಿನ್ನಿನ ಇಳಿತವು ಕೆಳಗಣ ಕಣ್ಣನ್ನು ತಲಪುವುದಕ್ಕೆ ಮುಂಚೆಯೇ ಆ ಕಣ್ಣು ಬೆಳೆಯತೊಡಗಿತ್ತು. ಕುಡಿಯು ಸೆಳೆದುಕೊಳ್ಳುತ್ತಿದ್ದ ಸಕ್ಕರೆಯು ಕುಡಿ ಹೋದೊಡನೆ ಪಕ್ಕದ ಕಣ್ಣುಗಳ ಕಡೆಗೆ ಹರಿದುದೇ ಇದಕ್ಕೆ ಕಾರಣವೆಂದು ಕಂಡುಬಂದಿತು. ಕುಡಿಯನ್ನು ಹಾಗೆಯೇ ಬಿಟ್ಟು ಗಿಡಕ್ಕೆ ಹೊರಗಿನಿಂದ ಸಕ್ಕರೆಯ ನೀರನ್ನು ಊಡಿದಾಗಲೂ ಕಣ್ಣು ಒಡೆಯಿತು. ಎಲೆಗಳನ್ನು ತೆಗೆದಾಗ ಅದರ ಬೆಳವಣಿಗೆಯು ಕುಂಠಿತವಾಯಿತು.

ಸಕ್ಕರೆಯು ಕಣ್ಣಿಗೆ ಆಹಾರವಾದುದರಿಂದ ಹೀಗಾಯಿತೆಂದು ಹೇಳಿ ಮುಗಿಸಬಹುದಾಗಿತ್ತು. ಆದರೆ ಸಂಗತಿಯು ಅಷ್ಟಕ್ಕೇ ನಿಲ್ಲುವುದಿಲ್ಲ. ಕೆರೆಯ ನೀರು ಗದ್ದೆಯನ್ನು ನೆನಸುವುದು ಒಂದು ಕಾರ್ಯ. ಕೆರೆಯಲ್ಲಿ ನೀರು ಎಷ್ಟಿದೆಯೆಂದು ನೋಡಿ ನೀರುಗಂಟಿಯು ಈ ವರ್ಷ ಎಷ್ಟು ಗದ್ದೆಗೆ ತೂಬು ಎತ್ತಬಹುದೆಂದು ನಿರ್ಧರಿಸುವುದು ಮತ್ತೊಂದು. ಗಿಡದಲ್ಲಿ ಸಕ್ಕರೆಯು ಈ ಎರಡನ್ನೂ ಮಾಡುವುದು. ಸಾಸಿವೆಯ ಕುಲಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಸಣ್ಣ ಕಳೆಯಲ್ಲಿ ಹೆಕ್ಸೋಕೈನೇಸ್ ಎಂಬ ಕಿಣ್ವವು ಗ್ಲೂಕೋಸನ್ನು ಬಳಕೆಗೆ ತರುವ ಮೊದಲ ಹೆಜ್ಜೆಯನ್ನು ನಡೆಸುವುದು. ಈ ಕಿಣ್ವದ ಕೆಲಸದ ಶಕ್ತಿಯನ್ನು ಕೆಡಿಸಿದರೂ ಅದು ಗ್ಲೂಕೋಸಿನ ಇರವನ್ನು ಗಿಡಕ್ಕೆ ತಿಳಿಸುತ್ತಲೇ ಇದ್ದಿತೆಂದು 2003ರಲ್ಲಿ ಸಿದ್ಧವಾಯಿತು. ಅಂದರೆ ಸಕ್ಕರೆಯು ಉರಿಯುವ ಸೌದೆ ಮಾತ್ರವಲ್ಲ, ಸುದ್ದಿಯೂ ಹೌದು. ಟ್ರೆಹಲೋಸ್-6-ಫಾಸ್ಫೇಟ್ ಎಂಬ ಅತ್ಯಲ್ಪ ಪ್ರಮಾಣದ ಪದಾರ್ಥವು ಕೆರೆಯ ಅಳತೆಗಲ್ಲಿನಂತೆ ಸಕ್ಕರೆಯ ಮಟ್ಟವನ್ನು ಸೂಚಿಸುವುದು. ಸಕ್ಕರೆಯು ಸಮೃದ್ಧವಾಗಿದ್ದರೆ ಟಾರ್ ಎಂಬ ಪ್ರೋಟೀನು ಜೀವಕೋಶಗಳಿಗೆ ವಿಭಾಗ ಹೊಂದಿ ಬೆಳೆಯುವ ಅಪ್ಪಣೆಯನ್ನು ಕೊಡುವುದು. ಕೊರತೆಯಾದರೆ ಬೇರೊಂದು ಪ್ರೋಟೀನು ಬೆಳವಣಿಗೆಯನ್ನು ನಿಲ್ಲಿಸಿ ಇರುವ ಸಂಗ್ರಹವನ್ನು ಕಾಪಾಡುವುದು.

ಪ್ರಯೋಗಶಾಲೆಯಲ್ಲಿ ಗಿಡದ ಸಣ್ಣ ಚೂರಿನಿಂದ ಇಡೀ ಸಸಿಯನ್ನು ಪಡೆಯುವಾಗಲೂ ಸಕ್ಕರೆಯು ಅನಿವಾರ್ಯ. ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ಪ್ರಕಟಿಸಿದ ದ್ರಾವಣಕ್ಕೆ ಸಾಮಾನ್ಯವಾಗಿ ಲೀಟರಿಗೆ 30 ಗ್ರಾಂ ಸಕ್ಕರೆಯನ್ನು ಸೇರಿಸುವರು. ಸೀಸೆಯೊಳಗೆ ಸಕ್ಕರೆಯುಂಡು ಬೆಳೆದ ಬಾಳೆಯ ಸಸಿಯ ಎಲೆಗಳು ತಮ್ಮ ಆಹಾರವನ್ನು ತಾವೇ ಮಾಡಿಕೊಳ್ಳುವುದರಲ್ಲಿ ದುರ್ಬಲವಾಗಿರುವುದರಿಂದ ಅದನ್ನು ನೆರಳಿನಲ್ಲಿ ಪಳಗಿಸಿದ ಮೇಲೆಯೇ ಹೊಲಕ್ಕೆ ಒಯ್ಯತಕ್ಕದ್ದು. ಪಳಗಿಸದ ಸಸಿಯನ್ನು ಅಗ್ಗವೆಂದು ಕೊಳ್ಳುವುದು ಜಾಣತನವಲ್ಲ.

ಇನ್ನು ಕಬ್ಬಿನ ಮಾತಿಗೆ ಬರೋಣ. ಚೆನ್ನಾಗಿ ಮಾಗಿದ ಜಲ್ಲೆಯ ಬುಡದಲ್ಲಿ ಸಿಹಿಯು ಹೆಚ್ಚು. ಆದಕಾರಣ ಬುಡದ ತುಂಡೇ ಬಲವಾದ ಬಿತ್ತನೆಯೆಂದು ಭಾವಿಸುವವರುಂಟು. ಇದು ತಪ್ಪು ಲೆಕ್ಕ. ಅಲ್ಲಿರುವುದು ಕೂಡಿಟ್ಟ ಸುಕ್ರೋಸು. ಇನ್ವರ್ಟೇಸ್ ಎಂಬ ಕಿಣ್ವವು ಅದನ್ನು ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸುಗಳಾಗಿ ಮಾಡಿದಲ್ಲದೆ ಕಣ್ಣಿಗೆ ಅದು ಒದಗದು. ತುದಿಯ ಮೂರನೆಯ ಒಂದು ಭಾಗದಲ್ಲಿ ಒಡೆದ ಸಕ್ಕರೆ, ನೀರು, ಸಾರಜನಕ ಇವು ಹೆಚ್ಚಾಗಿದ್ದು ಕಣ್ಣುಗಳೂ ಎಳೆಯವಾಗಿರುತ್ತವೆ. ಹೆಟ್ಟಿಗೆಯಲ್ಲಿರುವ ಹಣಕ್ಕೂ ಕೈಯಲ್ಲಿರುವ ಹಣಕ್ಕೂ ಇರುವ ಭೇದವೇ ಇಲ್ಲಿಯೂ ಉಂಟು. ಗಾಣಕ್ಕೆ ಬೇಕಾದ ಕಬ್ಬು ಬೇರೆ, ಬಿತ್ತನೆಗೆ ಬೇಕಾದ ಕಬ್ಬು ಬೇರೆ. ಬಿತ್ತನೆಗೆಂದೇ ಬೆಳೆಸಿದ 7-8 ತಿಂಗಳ ಕಬ್ಬು ಉತ್ತಮ. ಕಡಿದ ಮಾರನೆಯ ದಿನದೊಳಗಾಗಿ ಅದನ್ನು ನೆಡಬೇಕು. ಕಡಿದು ರಾಶಿ ಹಾಕಿದ ತುಂಡು ಒಣಗುವುದಲ್ಲದೆ, ತನ್ನ ಸಕ್ಕರೆಯನ್ನು ತಾನೇ ಉಸಿರಾಟದಲ್ಲಿ ಕಳೆದುಕೊಳ್ಳುವುದು.

ಕೂಳೆ ಕಬ್ಬಿನಲ್ಲಿ ಈ ವಿಚಾರವು ಇನ್ನೂ ಮುಖ್ಯ. ಕಟಾವಾದ ಬುಡಕ್ಕೆ ಎಲೆಯೇ ಇಲ್ಲ. ಮೊದಲ ಚಿಗುರು ಬುಡದಲ್ಲಿಯೂ ಬೇರಿನಲ್ಲಿಯೂ ಉಳಿದ ಸಂಗ್ರಹದಿಂದಲೇ ಏಳಬೇಕು. ಬುಡವನ್ನು ನೆಲಮಟ್ಟಕ್ಕೆ ಸವರಿದರೆ ಮಣ್ಣಿನೊಳಗಿನ ಕಣ್ಣುಗಳು ಒಡೆದು ತಮ್ಮದೇ ಬೇರನ್ನು ಬಿಡುವುವು. ಎತ್ತರಕ್ಕೆ ಕೊಯ್ದು ಬಿಟ್ಟರೆ ಮೇಲಣ ಗೆಣ್ಣಿನ ಕಣ್ಣುಗಳು ಆ ಸಂಗ್ರಹವನ್ನು ಸೆಳೆದು, ಬೇರಿಲ್ಲದ ಬಡ ಚಿಗುರುಗಳಾಗುವುವು. ಅನೇಕ ಗ್ರಾಮಗಳಲ್ಲಿ ಕಟಾವಾದ ಗದ್ದೆಗೆ ದನಗಳನ್ನು ಬಿಡುವ ರೂಢಿಯುಂಟು. ಕೂಳೆ ಬಿಡದ ಗದ್ದೆಯಲ್ಲಿ ಇದರಿಂದ ಬಾಧೆಯಿಲ್ಲ. ಕೂಳೆಯ ಗದ್ದೆಯಲ್ಲಿ ದನವು ಮೇಯ್ದ ಪ್ರತಿಯೊಂದು ಎಳೆಯ ಚಿಗುರಿಗೂ ಬದಲಾಗಿ ಬುಡವು ಮತ್ತೊಮ್ಮೆ ತನ್ನ ಸಂಗ್ರಹದಿಂದ ವೆಚ್ಚಮಾಡಬೇಕಾಗುವುದು. ಎರಡು ಮೂರು ಸಲ ಹೀಗಾದರೆ ಬುಡವೇ ಬರಿದಾಗಿ ಸಾಲಿನಲ್ಲಿ ತೆರಪು ಬೀಳುವುದು. ಇದನ್ನು ಒಬ್ಬ ರೈತನು ಬೇಲಿ ಹಾಕಿ ತಡೆಯುವುದು ಕಷ್ಟ. ಕಟಾವು ಮುಗಿಯುವುದಕ್ಕೆ ಮುಂಚೆಯೇ ಕೂಳೆ ಬಿಡುವ ಗದ್ದೆಗಳನ್ನು ಗೊತ್ತುಮಾಡಿ, ಹೊಸ ಎಲೆಗಳು ಹರಡಿ ಬುಡವನ್ನು ಸಾಕುವವರೆಗೆ ದನ ಬಿಡಬಾರದೆಂದು ಗ್ರಾಮದ ಮುಖಂಡರು ಕಟ್ಟುಮಾಡಬೇಕು. ಆದರೂ ತೆರಪು ಬಿದ್ದ ಕಡೆಗಳಲ್ಲಿ, ಮೊದಲೇ ಚೀಲಗಳಲ್ಲಿ ಮೊಳೆಸಿಟ್ಟ ಒಂಟಿ ಕಣ್ಣಿನ ಸಸಿಗಳನ್ನು ನೆಟ್ಟು ನೀರು ಹಾಯಿಸತಕ್ಕದ್ದು.