ಹೊಸ ಸ್ಪೇಸ್ ಗೇಮ್: ಕೊಳ್ಳಲೋ, ಬಿಡಲೋ?

ಪ್ರಶ್ನೆ: ನಾನು ನಿಲಂಗಾದಾಗ ಇರ್ತೀನಿ, ಡಿಗ್ರಿ ಎರಡನೇ ವರ್ಷ. ಮನ್ಯಾಗ ಕನ್ನಡ, ಸಾಲ್ಯಾಗ ಕಲಿತದ್ದು ಮರಾಠಿ. ಸ್ಪೇಸ್ ಸ್ಟ್ರಾಟೆಜಿ ಗೇಮ್ ಅಂದ್ರ ಭಾಳ ಹುಚ್ಚು. ಹೊಸಾದೊಂದು ಬಂದಾಗೆಲ್ಲ ಟ್ರೇಲರ್ ನೋಡಿ ತಗೋಬೇಕು ಅನಸ್ತದ, ಆದ್ರ ಎರಡು ಸಾವಿರ ರೂಪಾಯಿ ಕೂಡಿಸೋದು ಸರಳ ಅಲ್ಲ. ರಿವ್ಯೂ ನೋಡಿದ್ರ ಅರ್ಧ ಮಂದಿ ಅದ್ಭುತ ಅಂತಾರ, ಅರ್ಧ ಮಂದಿ ದಂಡ ಅಂತಾರ. ನನ್ನ ಲ್ಯಾಪ್‌ಟಾಪ್ ಸಾದಾದು, 8 ಜಿಬಿ ರ‍್ಯಾಮ್, ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕೊಳ್ಳೋ ಮಾಲು ಹೌದೋ ಅಲ್ಲೋ ಅಂತ ಹ್ಯಾಂಗ ತಿಳೀಬೇಕು? ಆನ್‌ಲೈನ್ ಗೇಮ್ ಸರ್ಕಾರ ಬಂದ್ ಮಾಡ್ಯದ ಅಂತ ಅಪ್ಪ ಬ್ಯಾರೆ ಅಂತಾರ. ಖರೆ ಏನು?

ಉತ್ತರ: ಅಪ್ಪನ ಮಾತನ್ನು ಮೊದಲು ಮುಗಿಸೋಣ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ನಿಷೇಧಿಸಿದ್ದು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು. ನೀವು ಕೇಳುತ್ತಿರುವುದು ಒಮ್ಮೆ ಬೆಲೆ ಕೊಟ್ಟು ಕೊಂಡು, ಮನೆಯಲ್ಲಿ ಕೂತು ಒಬ್ಬರೇ ಆಡುವ ಆಟ. ಅದು ಬೇರೆ, ಇದು ಬೇರೆ. ಇಷ್ಟನ್ನು ಅಪ್ಪನ ಎದುರು ಕೂತು ಸಮಾಧಾನವಾಗಿ ಹೇಳಿ. ಫೋನಿನ ಆಟಕ್ಕೆ ಹೊಲ ಮನೆ ಕಳೆದುಕೊಂಡವರ ಸುದ್ದಿ ಓದಿದ ಯಾವ ತಂದೆಗಾದರೂ ಆ ಅಂಜಿಕೆ ಇದ್ದೇ ಇರುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಬಿಡುಗಡೆಯಾದ ದಿನ ಯಾವ ಸ್ಟ್ರಾಟೆಜಿ ಗೇಮನ್ನೂ ಕೊಳ್ಳಬೇಡಿ. ಆಟದ ಮೊದಲ ಗಂಟೆ ಹೇಗಿದೆ ಎಂದು ಕೇಳುವುದನ್ನು ಬಿಟ್ಟು, ಹದಿನೈದನೆಯ ಗಂಟೆ ಹೇಗಿದೆ ಎಂದು ವಿಚಾರಿಸಿ. ಅದು ತಿಳಿದ ಮೇಲೆ ಜೇಬಿಗೆ ಕೈ ಹಾಕಿ.

ಯಾಕೆ ಹೀಗೆ ಹೇಳುತ್ತೇನೆ ಎಂದರೆ, ಇದು ತಡವಾಗಿ ಗುಣ ತೋರಿಸುವ ಜಾತಿ. ಮಾಸ್ಟರ್ ಆಫ್ ಓರಿಯನ್ ಎಂಬ ಆಟದ ಬಗ್ಗೆ 1993ರಲ್ಲಿ ಬರೆಯುತ್ತ ಅಮೆರಿಕದ ಅಲನ್ ಎಮ್ರಿಚ್ ಈ ಬಗೆಯ ಆಟಗಳಿಗೆ ‘ಫೋರ್ ಎಕ್ಸ್’ ಎಂದು ಹೆಸರಿಟ್ಟರು. ಅವರ ನಾಲ್ಕು ಎಕ್ಸ್ ನಮ್ಮಲ್ಲಿ ನಾಲ್ಕು ‘ಹ’ ಆಗುತ್ತವೆ: ಹುಡುಕು, ಹರಡು, ಹಿಂಡು, ಹೊಸಕು. ಹೊಸ ನಕ್ಷತ್ರ ಹುಡುಕುವುದು, ಅಲ್ಲಿ ನೆಲೆಯೂರಿ ಹರಡುವುದು, ಅದರ ಸಂಪತ್ತು ಹಿಂಡುವುದು, ಎದುರಾಳಿಯನ್ನು ಹೊಸಕುವುದು. ಟ್ರೇಲರ್‌ನಲ್ಲಿ ನೀವು ನೋಡುವುದು ಮೊದಲನೆಯದನ್ನು ಮತ್ತು ಕೊನೆಯದನ್ನು ಮಾತ್ರ. ಕತ್ತಲಲ್ಲಿ ಮಿನುಗುವ ನೀಹಾರಿಕೆ, ಆಮೇಲೆ ನೇರವಾಗಿ ಹಡಗುಗಳ ಸ್ಫೋಟ. ನಡುವಿನ ಎರಡು ‘ಹ’ಗಳನ್ನು ಯಾರೂ ತೋರಿಸುವುದಿಲ್ಲ. ನೀವು ಆಡುವ ನೂರು ಗಂಟೆಯಲ್ಲಿ ಎಂಬತ್ತು ಗಂಟೆ ಕಳೆಯುವುದು ಅಲ್ಲೇ.

ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಕೊಂಡ ಆಟವನ್ನು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ವಾಪಸ್ ಕೊಟ್ಟು ಹಣ ಪಡೆಯಬಹುದು. ಒಳ್ಳೆಯ ನಿಯಮ, ಆದರೆ ಈ ಜಾತಿಯ ಆಟಕ್ಕೆ ಸಾಲದು. ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆಯ ಸ್ಟೆಲಾರಿಸ್ ಆಟವನ್ನೇ ತೆಗೆದುಕೊಳ್ಳಿ, 2016ರ ಮೇ ತಿಂಗಳಲ್ಲಿ ಬಂದದ್ದು. ಅದರ ಕ್ಯಾಲೆಂಡರ್ 2200ನೇ ಇಸವಿಯಿಂದ ಶುರುವಾಗುತ್ತದೆ. ಏನೂ ಬದಲಿಸದಿದ್ದರೆ ನಡುಭಾಗ 2300ಕ್ಕೆ, ಕೊನೆಯ ಭಾಗ 2400ಕ್ಕೆ ತೆರೆಯುತ್ತದೆ, ಗೆಲುವಿನ ಲೆಕ್ಕ ಆಗುವುದು 2500ಕ್ಕೆ. ಹೊಸಬರು ಎರಡು ಗಂಟೆಯಲ್ಲಿ ಎಲ್ಲವನ್ನೂ ಓದುತ್ತ, ನಿಲ್ಲಿಸುತ್ತ ಆಡಿದರೆ ಇಪ್ಪತ್ತು ಮೂವತ್ತು ವರ್ಷ ದಾಟಿದರೆ ಹೆಚ್ಚು. ಮುನ್ನೂರು ವರ್ಷದ ಕಥೆಯಲ್ಲಿ ಮೂವತ್ತು ವರ್ಷ ನೋಡಿ ವಾಪಸ್ ಕೊಡುವುದೋ ಇಟ್ಟುಕೊಳ್ಳುವುದೋ ಎಂದು ತೀರ್ಮಾನಿಸಬೇಕು!

ನಿಮ್ಮ ಊರಿನಿಂದ ಒಂದು ಬಸ್ಸಿನ ದೂರದಲ್ಲಿ ಇದಕ್ಕೆ ಪಾಠ ಇದೆ. ಉದಗೀರದ ಕೋಟೆ ನೋಡಿರುತ್ತೀರಿ. (ನಿಲಂಗಾ, ಉದಗೀರ ಎರಡೂ 1956ರವರೆಗೆ ನಮ್ಮ ಬೀದರ್ ಜಿಲ್ಲೆಯ ತಾಲ್ಲೂಕುಗಳೇ. ಹಾಗಾಗಿ ಸ್ವಲ್ಪ ಹಕ್ಕಿನಿಂದಲೇ ಹೇಳುತ್ತೇನೆ.) 1760ರ ಆರಂಭದಲ್ಲಿ ಮರಾಠಾ ಸೇನಾನಿ ಸದಾಶಿವರಾವ್ ಭಾವೂ ಅಲ್ಲಿ ನಿಜಾಮನ ಸೈನ್ಯವನ್ನು ಸೋಲಿಸಿದ. ದೌಲತಾಬಾದ್, ಅಸೀರಗಢ, ಬಿಜಾಪುರದಂಥ ಜಾಗಗಳು ಪೇಶ್ವೆಯ ಕೈಗೆ ಬಂದವು. ಆ ಸಂಜೆ ಯಾರಾದರೂ ‘ರಿವ್ಯೂ’ ಬರೆದಿದ್ದರೆ ಭಾವೂಗೆ ಹತ್ತಕ್ಕೆ ಹತ್ತು ಕೊಡುತ್ತಿದ್ದರು. ಒಂದು ವರ್ಷ ತುಂಬುವ ಹೊತ್ತಿಗೆ, 1761ರ ಜನವರಿ 14ರಂದು, ಅದೇ ಭಾವೂ ಪಾಣಿಪತ್ತಿನಲ್ಲಿ ಸೈನ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ. ತೋಪುಗಳು ಇದ್ದವು, ಶೌರ್ಯವೂ ಇತ್ತು. ಆದರೆ ಊರಿನಿಂದ ಅಷ್ಟು ದೂರ ಹೋದ ಸೈನ್ಯದ ಹಿಂದೆ ಯಾತ್ರಿಕರ, ಹೆಂಗಸರ ಮಕ್ಕಳ ದೊಡ್ಡ ಸಮೂಹ ಇತ್ತು. ಕಾಳು ಬರುವ ದಾರಿಯನ್ನು ಎದುರಾಳಿ ಅಹ್ಮದ್ ಶಾ ಅಬ್ದಾಲಿ ಕಡಿದಿದ್ದ. ತಿಂಗಳುಗಟ್ಟಲೆ ಹಸಿದ ಸೈನ್ಯ ಕೊನೆಗೆ ಹಸಿವಿನಲ್ಲೇ ಕಾಳಗಕ್ಕೆ ಇಳಿಯಿತು.

ಒಳ್ಳೆಯ ಸ್ಟ್ರಾಟೆಜಿ ಗೇಮ್ ಎಂದರೆ ಉದಗೀರದ ಗೆಲುವಿಗೆ ಪಾಣಿಪತ್ತಿನಲ್ಲಿ ಲೆಕ್ಕ ಕೇಳುವ ಆಟ. ಹತ್ತು ಗ್ರಹ ಬೇಗ ಗೆದ್ದರೆ ಆ ಹತ್ತಕ್ಕೂ ಅನ್ನ, ಇಂಧನ, ಆಡಳಿತ ಎಲ್ಲಿಂದ ತರುತ್ತೀರಿ ಎಂದು ಅದು ಕೇಳಬೇಕು. ನಿಮ್ಮ ಲಾತೂರ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2016ರ ಏಪ್ರಿಲ್‌ನಲ್ಲಿ ಮೀರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂದದ್ದನ್ನು ನಿಮ್ಮ ಮನೆಯವರು ಕಂಡಿದ್ದಾರೆ. ಒಂದು ಊರನ್ನು ಬದುಕಿಸುವುದು ಎಂದರೆ ಒಂದು ದಾರಿಯನ್ನು ತೆರೆದಿಡುವುದು. ಆಟದಲ್ಲಿ ಈ ಭಾರ ಇಲ್ಲದಿದ್ದರೆ ಅದು ಮೊದಲ ದಿನವೇ ಎಲ್ಲವನ್ನೂ ಕೊಟ್ಟು ಮುಗಿಸಿರುತ್ತದೆ.

ಅಂಥದೊಂದನ್ನು ನಾನೂ ಕೊಂಡಿದ್ದೆ. ಹೆಸರು ಬೇಡ. ಮೊದಲ ರಾತ್ರಿ ಮೂರರವರೆಗೆ ಎದ್ದು ಕೂತಿದ್ದೆ, ಅಷ್ಟು ಚೆಂದ. ಮೂರನೆಯ ದಿನಕ್ಕೆ ನಲವತ್ತು ಗ್ರಹಗಳಾದವು. ಪರದೆಯ ಬಲ ಅಂಚಿನಲ್ಲಿ ಸಣ್ಣ ಸಣ್ಣ ಚೌಕಗಳ ಸಾಲು ಬೆಳೆಯುತ್ತ ಹೋಯಿತು, ಒಂದೊಂದು ಚೌಕವೂ ಒಂದು ಗ್ರಹದ ಬೇಡಿಕೆ: ಇಲ್ಲಿ ಏನು ಕಟ್ಟಲಿ? ಒತ್ತಿದರೆ ಕಾರ್ಖಾನೆ, ಮತ್ತೆ ಒತ್ತಿದರೆ ಇನ್ನೊಂದು ಗ್ರಹ, ಅಲ್ಲೂ ಕಾರ್ಖಾನೆ. ಯಾವ ಗ್ರಹ ಯಾವುದು ಎಂದು ನೋಡುವುದನ್ನೇ ಬಿಟ್ಟಿದ್ದೆ. ಎಲ್ಲಕ್ಕೂ ಒಂದೇ ಉತ್ತರ ಕೊಟ್ಟರೂ ಗೆಲ್ಲುತ್ತಿದ್ದೆ. ಅದು ಹದಿನಾಲ್ಕನೆಯ ಗಂಟೆ, ಹಣ ವಾಪಸ್ ಕೇಳುವ ಹೊತ್ತು ಮೀರಿ ಹೋಗಿತ್ತು. ಹಾಗಾಗಿ ಹೊಸ ಆಟ ಬಂದಾಗ ಈಗ ನಾನು ಯಾರಾದರೂ ಆಡಿ ಹಾಕಿದ ವಿಡಿಯೊ ಸರಣಿಯ ಮೊದಲ ಕಂತು ನೋಡುವುದಿಲ್ಲ, ಹತ್ತನೆಯದೋ ಹನ್ನೆರಡನೆಯದೋ ತೆರೆಯುತ್ತೇನೆ. ಆಡುವವರು ಮಾತನಾಡುತ್ತ ಯೋಚಿಸುತ್ತಿದ್ದಾರೋ, ಸುಮ್ಮನೆ ಒತ್ತುತ್ತಿದ್ದಾರೋ? ಹತ್ತು ನಿಮಿಷ ನೋಡಿದರೆ ಗೊತ್ತಾಗುತ್ತದೆ.

ಅರ್ಧ ಮಂದಿ ಹೊಗಳಿದರು, ಅರ್ಧ ಮಂದಿ ತೆಗಳಿದರು ಎಂದಿರಲ್ಲ. ಸ್ಟೀಮ್‌ನಲ್ಲಿ ಪ್ರತಿ ವಿಮರ್ಶೆಯ ಮೇಲೆ ಬರೆದವರು ಎಷ್ಟು ಗಂಟೆ ಆಡಿದ್ದಾರೆ ಎಂದು ಇರುತ್ತದೆ. ಮೂರು ಗಂಟೆ ಆಡಿ ಹೊಗಳಿದವರು ನಾಲ್ಕು ‘ಹ’ದಲ್ಲಿ ಒಂದನ್ನಷ್ಟೇ ಕಂಡವರು. ಅರವತ್ತು ಗಂಟೆ ಆಡಿಯೂ ಬೇಡ ಎಂದವರ ಮಾತನ್ನು ಪೂರ್ತಿ ಓದಿ. ‘ನಡುಭಾಗ ಖಾಲಿ’, ‘ಎದುರಾಳಿ ದಡ್ಡ’, ‘ಕೊನೆಗೆ ನಿಧಾನ’ ಈ ಮೂರು ದೂರುಗಳು ಮತ್ತೆ ಮತ್ತೆ ಬಂದರೆ ಬಿಟ್ಟುಬಿಡಿ. ಕಷ್ಟ, ಕಲಿಯಲು ಹೊತ್ತು ಬೇಕು ಎಂಬ ದೂರಿಗೆ ಹೆದರಬೇಡಿ.

ಇನ್ನೊಂದು ಮಾತು ಹಲವರಿಗೆ ಕೊಂಡ ಮೇಲೆ ಗೊತ್ತಾಗುತ್ತದೆ: ಈಗಿನ ಆಟ ನೀವು ಕೊಂಡ ಹಾಗೇ ಉಳಿಯುವುದಿಲ್ಲ. ಸ್ಟೆಲಾರಿಸ್ ಬಂದಾಗ ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗಲು ಮೂರು ಬಗೆಯಲ್ಲಿ ಒಂದನ್ನು ಆರಿಸಿಕೊಳ್ಳಬಹುದಿತ್ತು. 2018ರ ಫೆಬ್ರುವರಿಯ ಬದಲಾವಣೆಯಲ್ಲಿ ಆ ಆಯ್ಕೆ ತೆಗೆದು, ಎಲ್ಲರೂ ಗೊತ್ತುಪಡಿಸಿದ ದಾರಿಗಳಲ್ಲೇ ಓಡಾಡಬೇಕು ಎಂದು ಮಾಡಿದರು. ಆ ಆಯ್ಕೆಯನ್ನೇ ಇಷ್ಟಪಟ್ಟು ಕೊಂಡಿದ್ದವರು ಕೆಂಡವಾದರು. ನನಗೆ ಆ ಬದಲಾವಣೆ ಸರಿ ಅನ್ನಿಸಿತು. ಎಲ್ಲಿಂದ ಎಲ್ಲಿಗಾದರೂ ಹಾರಬಹುದಾದರೆ ಕೋಟೆಗೆ ಏನು ಕೆಲಸ? ಉದಗೀರ, ಔಸಾ, ನಳದುರ್ಗ, ಪರಾಂಡಾ, ಕಲ್ಯಾಣ, ಈ ಕೋಟೆಗಳಿಗೆ ಬೆಲೆ ಬಂದದ್ದು ಸೈನ್ಯಗಳು ದಾರಿ ಹಿಡಿದು ಬರಬೇಕಿದ್ದುದರಿಂದ. ಅದೇನೇ ಇರಲಿ, ನಿಮಗೆ ಇದರ ಅರ್ಥ ಇಷ್ಟು: ಹಳೆಯ ವಿಮರ್ಶೆ ಹಳೆಯ ಆಟದ ಬಗ್ಗೆ ಇರಬಹುದು, ಇತ್ತೀಚಿನದನ್ನು ಓದಿ. ಸ್ಟೆಲಾರಿಸ್‌ನಂಥ ಆಟಕ್ಕೆ ಯುಟೋಪಿಯಾ, ಅಪೊಕ್ಯಾಲಿಪ್ಸ್, ಮೆಗಾಕಾರ್ಪ್, ಫೆಡರೇಶನ್ಸ್ ಎಂದು ಒಂದರ ಮೇಲೊಂದು ಹೆಚ್ಚುವರಿ ಭಾಗಗಳು ಬರುತ್ತವೆ, ಎಲ್ಲಕ್ಕೂ ಬೇರೆ ಬೆಲೆ. ಮೂಲ ಆಟವನ್ನು ನಲವತ್ತು ಗಂಟೆ ಆಡುವವರೆಗೆ ಒಂದನ್ನೂ ಮುಟ್ಟಬೇಡಿ.

‘ಅರ್ಲಿ ಆ್ಯಕ್ಸೆಸ್’ ಎಂದು ಬರೆದಿದ್ದರೆ ಅದು ಇನ್ನೂ ಮುಗಿಯದ ಆಟ. ಭರವಸೆಗೆ ದುಡ್ಡು ಕೊಡಬೇಡಿ, ಇವತ್ತು ಏನಿದೆಯೋ ಅದಕ್ಕೆ ಕೊಡಿ. ರಾಕೆಟ್ ಕಟ್ಟಿ ಹಾರಿಸುವ ಕೆರ್ಬಲ್ ಸ್ಪೇಸ್ ಪ್ರೋಗ್ರಾಂನ ಎರಡನೆಯ ಆವೃತ್ತಿ 2023ರ ಫೆಬ್ರುವರಿಯಲ್ಲಿ ಹೀಗೆ ಅರೆಬೆಂದು 50 ಡಾಲರಿಗೆ ಬಂತು. ಮರುವರ್ಷ ಅದನ್ನು ಮಾಡುತ್ತಿದ್ದ ತಂಡವೇ ಚದುರಿತು. ಮೊದಲ ಆವೃತ್ತಿ ಮಾತ್ರ ಇಂದಿಗೂ ಅಪ್ಪಟ ಚಿನ್ನ. ಚಂದ್ರಯಾನ-3 ನೇರವಾಗಿ ಚಂದ್ರನಿಗೆ ಹೋಗದೆ ಭೂಮಿಯ ಸುತ್ತ ಸುತ್ತು ಹಿಗ್ಗಿಸುತ್ತ ಯಾಕೆ ಹೋಯಿತು ಎಂಬುದು ಅದನ್ನು ಒಂದು ವಾರ ಆಡಿದರೆ ಕೈಗೇ ಅರ್ಥವಾಗುತ್ತದೆ.

ಲ್ಯಾಪ್‌ಟಾಪಿನ ವಿಷಯ. ಈ ಆಟಗಳಲ್ಲಿ ಚಿತ್ರಕ್ಕಿಂತ ಲೆಕ್ಕ ಹೆಚ್ಚು, ಪ್ರೊಸೆಸರ್ ಮೇಲೆ ಭಾರ ಬೀಳುತ್ತದೆ. ಅದೂ ಆಟ ಬೆಳೆದಂತೆ ಬೆಳೆಯುವ ಭಾರ. ಶುರುವಿನಲ್ಲಿ ಸರಸರ ಓಡುವ ದಿನಾಂಕ, ಸಾಮ್ರಾಜ್ಯಗಳು ಹಬ್ಬಿದ ಮೇಲೆ ಎಣಿಸಿ ಎಣಿಸಿ ಮುಂದೆ ಹೋಗುತ್ತದೆ. ಉಪಾಯ ಸರಳ: ಸಣ್ಣ ನಕ್ಷೆ ಆರಿಸಿ. ಸ್ಟೆಲಾರಿಸ್‌ನಲ್ಲಿ ಸಾವಿರ ನಕ್ಷತ್ರದ ಬದಲು 200ರ ನಕ್ಷೆ ಸಿಗುತ್ತದೆ. ಹಣ ವಾಪಸಾತಿಯ ಆ ಎರಡು ಗಂಟೆಯ ಅವಧಿಯನ್ನು ಯಂತ್ರದ ಪರೀಕ್ಷೆಗೆಂದೇ ಇಟ್ಟುಕೊಳ್ಳಿ. ಫ್ಯಾನ್ ಎಷ್ಟು ಕೂಗುತ್ತದೆ, ಸಣ್ಣ ಪರದೆಯಲ್ಲಿ ಅಕ್ಷರ ಓದಲು ಬರುತ್ತದೋ, ಕರೆಂಟ್ ಹೋದರೆ ತಾನಾಗಿ ಸೇವ್ ಆಗಿರುತ್ತದೋ, ನೆಟ್ ತೆಗೆದರೂ ತೆರೆಯುತ್ತದೋ ನೋಡಿ.

ಅಕ್ಷರ ಎಂದಾಗ ಭಾಷೆಯ ಮಾತೂ ಬಂತು. ಈ ಆಟಗಳು ಕನ್ನಡದಲ್ಲೂ ಇಲ್ಲ, ಮರಾಠಿಯಲ್ಲೂ ಇಲ್ಲ. ನಮಗೆ ಉಳಿಯುವುದು ಇಂಗ್ಲಿಷ್ ಮಾತ್ರ, ಅದೂ ರಾಶಿ ರಾಶಿ. ಗ್ರಹವೊಂದರಲ್ಲಿ ಸಿಕ್ಕ ಹಳೆಯ ಶಾಸನದ ಕಥೆಯನ್ನು ಓದದೆ ಮುಚ್ಚುವ ಮನಸ್ಸಾದರೆ ಆ ಆಟದ ಅರ್ಧ ಸುಖ ಹೋಯಿತು. ಇದರಲ್ಲಿ ನಿಮ್ಮ ಕೊರತೆ ಏನೂ ಇಲ್ಲ. ಎರಡು ಭಾಷೆಗಳ ನಡುವೆ ಬೆಳೆದವರಿಗೆ ಕೆಲವು ತಿಂಗಳಲ್ಲಿ ಅದೂ ಹಗುರಾಗುತ್ತದೆ. ಆದರೆ ಮೊದಲ ಆಟ ಮಾತು ಕಡಿಮೆ ಇರುವುದಾಗಿರಲಿ.

ಆದ್ದರಿಂದ ಈ ತಿಂಗಳು ಎರಡು ಸಾವಿರವನ್ನು ಹಾಗೇ ಇಡಿ. ಮಾಸ್ಟರ್ ಆಫ್ ಓರಿಯನ್‌ನ ಪ್ರೇರಣೆಯಿಂದ ಸ್ವಯಂಸೇವಕರು ಕಟ್ಟಿದ ಫ್ರೀಓರಿಯನ್, ಅದೇ ಹಳೆಯ ಆಟವನ್ನು ಹೊಸದಾಗಿ ಬರೆದ ರೆಮ್ನೆಂಟ್ಸ್ ಆಫ್ ದಿ ಪ್ರಿಕರ್ಸರ್ಸ್, ಎರಡೂ ಪೂರ್ತಿ ಉಚಿತ, ಕಾನೂನುಬದ್ಧ, ನಿಮ್ಮಂಥ ಯಂತ್ರಕ್ಕೆ ಒಗ್ಗುವಂಥವು. ಎರಡನೆಯದರಿಂದ ಶುರು ಮಾಡಿ. ಒಂದು ಸಾಮ್ರಾಜ್ಯವನ್ನು ಕೊನೆಯವರೆಗೂ ಆಡಿ, ಸೋತರೂ ಸರಿ. ನಡುವಿನ ಎರಡು ‘ಹ’ ನಿಮಗೆ ರುಚಿಸುತ್ತವೋ ಇಲ್ಲವೋ ಒಂದು ಪೈಸೆ ಖರ್ಚಿಲ್ಲದೆ ತಿಳಿಯುತ್ತದೆ. ರುಚಿಸಿದರೆ ಜೂನ್ ಕೊನೆಗೋ ಡಿಸೆಂಬರ್ ಕೊನೆಗೋ ಸ್ಟೀಮ್‌ನ ದೊಡ್ಡ ಸೇಲ್ ಬರುತ್ತದೆ. ಆಗ ಸ್ಟೆಲಾರಿಸ್‌ನ ಮೂಲ ಆಟವನ್ನಷ್ಟೇ ತೆಗೆದುಕೊಳ್ಳಿ, ಯುಪಿಐನಲ್ಲೇ ಹಣ ಕಟ್ಟಬಹುದು. ಈಗಿನ ಹೊಸ ಆಟವೂ ಆಗ ಒಂದಿಷ್ಟು ಹಳೆಯದಾಗಿ, ತಪ್ಪು ತಿದ್ದಿಕೊಂಡು, ಬೆಲೆ ಇಳಿದು ಕಾಯುತ್ತಿರುತ್ತದೆ.

ಮತ್ತೆ, ಸ್ಟೆಲಾರಿಸ್‌ನಲ್ಲಿ ದಾರಿಗಳು ಕೂಡುವ ನಕ್ಷತ್ರದಲ್ಲಿ ಮೊದಲ ಕೋಟೆ ಕಟ್ಟಿದಾಗ ಅದರ ಹೆಸರು ಬದಲಿಸಲು ಬರುತ್ತದೆ. ನಾನು ನನ್ನದಕ್ಕೆ ಔಸಾ ಎಂದು ಇಟ್ಟುಕೊಂಡಿದ್ದೇನೆ. ಉದಗೀರವನ್ನು ನಿಮಗೆ ಬಿಟ್ಟಿದ್ದೇನೆ.