ಘಟಿಕೋತ್ಸವದ ಉಡುಪು

ಉಟ್ಟ ಬಟ್ಟೆಯಿಂದ ಮನುಷ್ಯನ ಬೆಲೆಯನ್ನು ಅಳೆಯಬಾರದು ಎನ್ನುವುದು ಹಿರಿಯರ ಮಾತು. ಸಮಯಕ್ಕೆ ತಕ್ಕ ಉಡುಪನ್ನು ಉಡಬೇಕು ಎನ್ನುವುದೂ ಅವರದೇ ಮಾತು. ಹೊಲದ ಕೆಲಸಕ್ಕೆ ಉಡುವ ಬಟ್ಟೆ ಬೇರೆ, ಮದುವೆಯ ಮನೆಗೆ ಉಡುವ ಬಟ್ಟೆ ಬೇರೆ, ಸಾವಿನ ಮನೆಗೆ ಹೋಗುವಾಗ ಉಡುವ ಬಟ್ಟೆ ಬೇರೆ. ಈ ಎರಡು ಮಾತುಗಳು ಒಂದಕ್ಕೊಂದು ವಿರುದ್ಧವಾದವುಗಳೇನಲ್ಲ. ಮೊದಲನೆಯದು ನೋಡುವವನಿಗೆ ಹೇಳಿದ ಬುದ್ಧಿ. ಎರಡನೆಯದು ಉಡುವವನಿಗೆ ಹೇಳಿದ ಬುದ್ಧಿ. ಇವೆರಡೂ ಒಟ್ಟಿಗೆ ಪರೀಕ್ಷೆಗೆ ಒಳಗಾಗುವ ಸಂದರ್ಭಗಳಲ್ಲಿ ವಿಶ್ವವಿದ್ಯಾನಿಲಯದ ಘಟಿಕೋತ್ಸವವೂ ಒಂದು.

‘ಘಟಿಕೆ’ ಎಂದರೆ ಪ್ರಾಚೀನ ಕಾಲದ ಉನ್ನತ ವಿದ್ಯಾಕೇಂದ್ರ. ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನು ಹೆಚ್ಚಿನ ವ್ಯಾಸಂಗಕ್ಕಾಗಿ ಕಾಂಚಿಯ ಘಟಿಕೆಗೆ ಹೋದನೆಂದು ಶಿವಮೊಗ್ಗ ಜಿಲ್ಲೆಯ ತಾಳಗುಂದದ ಶಾಸನವು ತಿಳಿಸುತ್ತದೆ. ಪದವೀಧರನಿಗೆ ಇರುವ ‘ಸ್ನಾತಕ’ ಎಂಬ ಹೆಸರೂ ಹಳೆಯದೇ. ಗುರುಕುಲದಲ್ಲಿ ವಿದ್ಯೆ ಮುಗಿಸಿದ ಬ್ರಹ್ಮಚಾರಿಯು ಸಮಾವರ್ತನದ ದಿನ ಸ್ನಾನ ಮಾಡಿ, ಅದುವರೆಗೆ ಧರಿಸಿದ್ದ ಮೌಂಜಿ, ಅಜಿನಗಳನ್ನು ಬಿಟ್ಟು, ಹೊಸ ವಸ್ತ್ರವನ್ನುಟ್ಟು, ತಲೆಗೆ ರುಮಾಲು ಸುತ್ತಿ, ಪಾದರಕ್ಷೆ ಮೆಟ್ಟಿ, ಕೊಡೆ ಹಿಡಿದು ಮನೆಗೆ ಹಿಂದಿರುಗುತ್ತಿದ್ದನು. ಮಿಂದವನು ಎಂಬ ಅರ್ಥದಲ್ಲಿ ಅವನು ಸ್ನಾತಕನಾದನು. ಕಲಿಕೆಯ ಕೊನೆಯ ದಿನಕ್ಕೆ ವಿಶೇಷವಾದ ಉಡುಪು ಇರಬೇಕೆಂಬ ಭಾವನೆ ನಮ್ಮ ನಾಡಿಗೆ ಹೊಸದಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಆದರೆ ಇಂದು ಘಟಿಕೋತ್ಸವ ಎಂದೊಡನೆ ಕಣ್ಣಿಗೆ ಕಟ್ಟುವುದು ಕಪ್ಪು ನಿಲುವಂಗಿ, ಅಂದರೆ ಗೌನು. ತಲೆಯ ಮೇಲೆ ಚೌಕಾಕಾರದ ಟೋಪಿ. ಕೊರಳಿನಿಂದ ಬೆನ್ನ ಮೇಲೆ ಇಳಿಬಿದ್ದ ಬಣ್ಣದ ಹುಡ್. ಇದು ಯೂರೋಪಿನಿಂದ ಬಂದ ಉಡುಪು. ಮಧ್ಯಯುಗದಲ್ಲಿ ಪ್ಯಾರಿಸ್, ಆಕ್ಸ್‌ಫರ್ಡ್ ಮೊದಲಾದ ವಿಶ್ವವಿದ್ಯಾನಿಲಯಗಳು ಕ್ರೈಸ್ತ ಧರ್ಮಸಂಸ್ಥೆಯ ಆಶ್ರಯದಲ್ಲಿ ಬೆಳೆದವು. ಅಲ್ಲಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಧರ್ಮಗುರುಗಳಂತೆ ಉದ್ದನೆಯ ನಿಲುವಂಗಿಯನ್ನು ತೊಡುತ್ತಿದ್ದರು. ಬೆಂಕಿಯ ಕಾವಿಲ್ಲದ ಕಲ್ಲಿನ ಕಟ್ಟಡಗಳಲ್ಲಿ ಚಳಿಯಿಂದ ಪಾರಾಗಲು ಆ ದಪ್ಪ ಬಟ್ಟೆ ಅಗತ್ಯವೂ ಆಗಿತ್ತು. ತಲೆಯನ್ನು ಬೆಚ್ಚಗಿಡುತ್ತಿದ್ದ ಮುಸುಕು ಕಾಲಕ್ರಮದಲ್ಲಿ ಬೆನ್ನಿಗೆ ಸರಿದು, ಪದವಿಯನ್ನು ಗುರುತಿಸುವ ಅಲಂಕಾರವಾಗಿ ಉಳಿಯಿತು. ಕಲೆ, ವಿಜ್ಞಾನ, ವೈದ್ಯ ಮುಂತಾದ ಶಾಖೆಗಳನ್ನು ಹುಡ್‌ನ ಬಣ್ಣದಿಂದ ತಿಳಿಯಬಹುದು.

1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದಾಗ ಆಂಗ್ಲ ಪದ್ಧತಿಯ ಜೊತೆಗೆ ಈ ಉಡುಪೂ ಭಾರತಕ್ಕೆ ಬಂದಿತು. ಚಳಿನಾಡಿನ ನಿಲುವಂಗಿಯನ್ನು ಬಿಸಿಲುನಾಡಿನ ಪದವೀಧರರು ಪಂಚೆ, ಕೋಟುಗಳ ಮೇಲೆ ತೊಟ್ಟರು. ಕಲ್ಕತ್ತ ವಿಶ್ವವಿದ್ಯಾನಿಲಯದಿಂದ ಕಾದಂಬಿನಿ ಗಂಗೂಲಿ ಮತ್ತು ಚಂದ್ರಮುಖಿ ಬಸು ಅವರು 1883ರಲ್ಲಿ ಪದವಿ ಪಡೆದರು. ಹೆಣ್ಣುಮಕ್ಕಳಿಗೆ ಓದೇ ಬೇಡವೆನ್ನುತ್ತಿದ್ದ ಆ ಕಾಲದಲ್ಲಿ ಪದವಿಯ ಉಡುಪು ಒಂದು ದೊಡ್ಡ ಗೆಲುವಿನ ಗುರುತಾಗಿತ್ತು.

ಉಡುಪಿನ ಪ್ರಶ್ನೆ ಎಷ್ಟು ಗಂಭೀರವಾದುದೆಂಬುದಕ್ಕೆ 1916ರ ಫೆಬ್ರವರಿಯಲ್ಲಿ ಕಾಶಿಯಲ್ಲಿ ನಡೆದ ಘಟನೆಯೇ ಸಾಕ್ಷಿ. ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದ ಸ್ಥಾಪನೆಯ ಸಮಾರಂಭಗಳಿಗೆ ವೈಸ್‌ರಾಯ್ ಹಾರ್ಡಿಂಜ್ ಬಂದಿದ್ದರು. ರಾಜಮಹಾರಾಜರು ಮೈತುಂಬ ರತ್ನಾಭರಣಗಳನ್ನು ಧರಿಸಿ ನೆರೆದಿದ್ದರು. ಸಾದಾ ಉಡುಪಿನಲ್ಲಿ ಬಂದಿದ್ದ ಗಾಂಧೀಜಿಯವರು ಮಾತನಾಡಲು ಎದ್ದುನಿಂತು, ಆ ಆಭರಣಗಳ ಹೊಳಪನ್ನು ದೇಶದ ಕೋಟ್ಯಂತರ ಬಡವರ ಸ್ಥಿತಿಯೊಡನೆ ಹೋಲಿಸಿದರು. ಅರಸರು ಒಡವೆಗಳನ್ನು ಕಳಚಿಟ್ಟು ಅವನ್ನು ಜನರ ಆಸ್ತಿಯೆಂದು ಕಾಪಾಡದ ಹೊರತು ದೇಶಕ್ಕೆ ಬಿಡುಗಡೆಯಿಲ್ಲವೆಂಬುದು ಅವರ ಮಾತಿನ ಸಾರಾಂಶ. ಸಭೆಯಲ್ಲಿ ಗದ್ದಲವಾಯಿತು, ಭಾಷಣ ಅರ್ಧಕ್ಕೇ ನಿಂತಿತು. ವಿದ್ಯೆಯ ಸಭೆಗೆ ಸಂಪತ್ತಿನ ಪ್ರದರ್ಶನ ತಕ್ಕದ್ದಲ್ಲವೆಂಬ ಆ ಮಾತು ಮಾತ್ರ ಇಂದಿಗೂ ನಿಂತಿದೆ.

ರವೀಂದ್ರನಾಥ ಠಾಕೂರರ ವಿಶ್ವಭಾರತಿಯಲ್ಲಿ ಘಟಿಕೋತ್ಸವದ ದಿನ ಪದವೀಧರರಿಗೆ ಸಪ್ತಪರ್ಣಿ ಮರದ ಎಲೆಗಳನ್ನು ನೀಡುವ ಸಂಪ್ರದಾಯ ಬೆಳೆಯಿತು. 2010ರಲ್ಲಿ ಭೋಪಾಲದ ಘಟಿಕೋತ್ಸವವೊಂದರಲ್ಲಿ ಕೇಂದ್ರ ಮಂತ್ರಿ ಜೈರಾಮ್ ರಮೇಶ್ ಅವರು ತಾವು ತೊಟ್ಟಿದ್ದ ನಿಲುವಂಗಿಯನ್ನು ವೇದಿಕೆಯ ಮೇಲೆಯೇ ಕಳಚಿ, ಅದು ಪರರ ಆಳ್ವಿಕೆಯ ಅವಶೇಷವೆಂದರು. 2019ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಇಂಥ ಸಮಾರಂಭಗಳಲ್ಲಿ ಕೈಮಗ್ಗದ ಬಟ್ಟೆಯನ್ನು ಬಳಸುವಂತೆ ವಿಶ್ವವಿದ್ಯಾನಿಲಯಗಳಿಗೆ ಸೂಚಿಸಿತು. 2024ರಲ್ಲಿ ಕೇಂದ್ರ ಆರೋಗ್ಯ ಮಂತ್ರಾಲಯವು ತನ್ನ ವೈದ್ಯಕೀಯ ಸಂಸ್ಥೆಗಳಿಗೆ ಕಪ್ಪು ನಿಲುವಂಗಿಯ ಬದಲು ಆಯಾ ಪ್ರದೇಶದ ಸಂಪ್ರದಾಯಕ್ಕೆ ಒಪ್ಪುವ ಉಡುಪನ್ನು ರೂಪಿಸುವಂತೆ ತಿಳಿಸಿತು. ಇಳಕಲ್ಲು, ಮೊಳಕಾಲ್ಮೂರು, ಗುಳೇದಗುಡ್ಡಗಳ ನೇಕಾರರಿರುವ ಕರ್ನಾಟಕಕ್ಕೆ ಇದು ಯೋಚಿಸತಕ್ಕ ವಿಷಯವೇ ಸರಿ.

ನಿಲುವಂಗಿಯ ಪರವಾಗಿಯೂ ಒಂದು ಬಲವಾದ ವಾದವಿದೆ. ಒಂದೇ ಬಗೆಯ ನಿಲುವಂಗಿಯ ಅಡಿಯಲ್ಲಿ ರೇಷ್ಮೆಯೂ ಮರೆಯಾಗುತ್ತದೆ, ತೇಪೆಯೂ ಮರೆಯಾಗುತ್ತದೆ. ಸಾಹುಕಾರನ ಮಗನೂ ಕೂಲಿಕಾರನ ಮಗಳೂ ಒಂದೇ ಸಾಲಿನಲ್ಲಿ ಒಂದೇ ರೀತಿ ಕಾಣುತ್ತಾರೆ. ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು ತಮ್ಮ ಸಾಂಪ್ರದಾಯಿಕ ಉಡುಪು ಉಳಿಯಬೇಕೆ ಎಂಬ ಬಗ್ಗೆ 2015ರಲ್ಲಿ ಮತ ಚಲಾಯಿಸಿದಾಗ, ಉಳಿಯಬೇಕೆಂಬ ಪಕ್ಷವೇ ಭಾರಿ ಬಹುಮತದಿಂದ ಗೆದ್ದಿತು. ಆದರೆ ಅದೇ ಆಕ್ಸ್‌ಫರ್ಡಿನಲ್ಲಿ ಹಿಂದೊಮ್ಮೆ ಶ್ರೀಮಂತ ಮನೆತನದ ವಿದ್ಯಾರ್ಥಿಗಳ ಟೋಪಿಗೆ ಚಿನ್ನದ ಕುಚ್ಚು ಇರುತ್ತಿತ್ತು. ಇತರರ ಸೇವೆ ಮಾಡಿಕೊಂಡು ಓದುತ್ತಿದ್ದ ಬಡ ವಿದ್ಯಾರ್ಥಿಗಳ ನಿಲುವಂಗಿಯೇ ಬೇರೆಯಾಗಿತ್ತು. ಎಂದರೆ, ಸಮಾನತೆ ಬಟ್ಟೆಯ ಸ್ವಭಾವದಲ್ಲಿ ಇಲ್ಲ. ಅದನ್ನು ಬಳಸುವವರ ಮನಸ್ಸಿನಲ್ಲಿದೆ. ವಿದೇಶದ ನಿಲುವಂಗಿಯಾಗಲಿ, ಸ್ವದೇಶದ ಶಲ್ಯವಾಗಲಿ, ಭೇದವನ್ನು ಮರೆಸಲೂಬಲ್ಲದು, ಮೆರೆಸಲೂಬಲ್ಲದು.

ಹಾಗಾದರೆ ಪದವಿ ಪಡೆಯುವವರು ಏನನ್ನು ಉಡಬೇಕು? ಆಹ್ವಾನಪತ್ರಿಕೆಯೊಡನೆ ವಿಶ್ವವಿದ್ಯಾನಿಲಯವು ಕಳುಹಿಸುವ ಸೂಚನೆಗಳನ್ನು ಮೊದಲು ಓದಬೇಕು. ಅಲ್ಲಿ ಹೇಳಿದ್ದನ್ನು ಪಾಲಿಸುವುದು ಸಭೆಗೆ ತೋರುವ ಗೌರವ. ನಿಲುವಂಗಿಯನ್ನು ಕೊಳ್ಳಬೇಕಾಗಿಲ್ಲ, ಬಾಡಿಗೆಗೆ ದೊರೆಯುವ ಕಡೆ ಅದೇ ಸಾಕು. ಅದರ ಒಳಗೆ ಶುಭ್ರವಾದ, ಇಸ್ತ್ರಿ ಮಾಡಿದ, ತಿಳಿಬಣ್ಣದ ಅಂಗಿ ಷರಾಯಿಯಾಗಲಿ, ಪಂಚೆಯಾಗಲಿ, ಹತ್ತಿಯ ಸೀರೆಯಾಗಲಿ ಒಪ್ಪುತ್ತದೆ. ಸೀರೆಯ ಸೆರಗನ್ನು ಪಿನ್ನು ಹಾಕಿ ಭದ್ರಪಡಿಸಿದರೆ ಹುಡ್ ಜಾರದಂತೆ ನೋಡಿಕೊಳ್ಳುವುದು ಸುಲಭ. ಮೆಟ್ಟಿಲು ಹತ್ತಬೇಕಾದುದರಿಂದ ಪಾದರಕ್ಷೆ ಕಾಲಿಗೆ ಸರಿಯಾಗಿ ಹೊಂದಿರಬೇಕು. ನಡೆಯುವಾಗ ಸದ್ದು ಮಾಡಬಾರದು. ನಿಲುವಂಗಿಯ ಅಂಚು ಕಾಲಿಗೆ ತೊಡರದಷ್ಟು ಮಾತ್ರ ಉದ್ದವಿರಬೇಕು. ಮಿನುಗುವ ಒಡವೆಗಳು ಆ ದಿನಕ್ಕೆ ಬೇಕಿಲ್ಲ. ಈ ಉಡುಪಿಗಾಗಿ ಸಾಲ ಮಾಡುವುದಂತೂ ಸಲ್ಲದು.

ಇನ್ನೊಂದು ಮಾತನ್ನು ಮರೆಯಬಾರದು. ಸಭಾಂಗಣದ ಹಿಂದಿನ ಸಾಲುಗಳಲ್ಲಿ ತಂದೆತಾಯಿಗಳು ಕುಳಿತಿರುತ್ತಾರೆ. ಬಿಸಿಲಿನಲ್ಲಿ ದುಡಿದ ತಂದೆಯ ಮಾಸಿದ ರುಮಾಲು, ತಾಯಿಯ ಹಳೆಯ ಸೀರೆ ಪದವೀಧರನಿಗೆ ಸಂಕೋಚವನ್ನುಂಟುಮಾಡಿದರೆ ಅವನು ಕಲಿತದ್ದು ವ್ಯರ್ಥ. ಅವನ ನಿಲುವಂಗಿಯ ಒಂದೊಂದು ಎಳೆಯನ್ನೂ ನೂತವರು ಅವರೇ. ವೇದಿಕೆಯಿಂದ ಇಳಿದು ಬಂದು, ಎಲ್ಲರೂ ನೋಡುತ್ತಿರುವಾಗ ಅವರ ಪಾದಗಳಿಗೆ ನಮಸ್ಕರಿಸುವ ಮಗನಿಗೂ ಮಗಳಿಗೂ ಯಾವ ಉಡುಪಾದರೂ ಶೋಭಿಸುತ್ತದೆ.

ಪದವಿ ಪ್ರದಾನದ ವೇಳೆ ನಡೆನುಡಿಗಳಲ್ಲಿ ಪದವಿಗೆ ಯೋಗ್ಯರಾಗಿರುವೆವೆಂದು ಸ್ನಾತಕರು ಪ್ರತಿಜ್ಞೆ ಮಾಡುವುದುಂಟು. ಸಂಜೆಯ ವೇಳೆಗೆ ನಿಲುವಂಗಿಯನ್ನು ಮಡಿಸಿ ಹಿಂದಿರುಗಿಸಬೇಕಾಗುತ್ತದೆ. ಪ್ರತಿಜ್ಞೆಯನ್ನು ಮಾತ್ರ ಹಿಂದಿರುಗಿಸುವಂತಿಲ್ಲ. ಅದನ್ನು ಬಾಳಿನ ಕೊನೆಯವರೆಗೂ ತೊಟ್ಟಿರಬೇಕು.