ಖಾನಾವಳಿಯ ತಿಂಗಳ ಊಟ: ಮುಂಗಡ ಹಣದ ಗಣಿತ

ಹುಬ್ಬಳ್ಳಿಯ ಗೋಕುಲ ರಸ್ತೆಯು ಮನೆಯೂಟದಿಂದ ದೂರವಾದವರು ಬಹಳವಾಗಿರುವ ರಸ್ತೆ. ಹೊಸ ಬಸ್ ನಿಲ್ದಾಣ, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ, ಕೈಗಾರಿಕಾ ವಸಾಹತು, ವಿಮಾನ ನಿಲ್ದಾಣ, ಅದರ ಎದುರಿಗೆ ಇಂಜಿನಿಯರಿಂಗ್ ಕಾಲೇಜು ಇವೆಲ್ಲವೂ ಆ ಒಂದೇ ರಸ್ತೆಗೆ ಸೇರಿವೆ. ಇಂತಹ ಕಡೆ ಕೊಠಡಿ ಹಿಡಿದು ಓದುವ ವಿದ್ಯಾರ್ಥಿಯ ಮುಂದೆ ತಿಂಗಳ ಮೊದಲ ವಾರದಲ್ಲಿ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ಖಾನಾವಳಿಗೆ ಇಡೀ ತಿಂಗಳ ಹಣವನ್ನು ಮುಂಗಡವಾಗಿ ಕಟ್ಟಿಬಿಡಬೇಕೇ, ಅಥವಾ ಹಸಿದಾಗಲೆಲ್ಲ ಹೋಗಿ ಬಿಡಿಯಾಗಿ ಹಣ ಕೊಟ್ಟು ಉಣ್ಣಬೇಕೇ?

ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ಊರಿನಿಂದ ಬಂದ ಹಣದಲ್ಲಿ ಬಾಡಿಗೆ ಕಳೆದು ಉಳಿಯುವುದರ ಬಹುಪಾಲು ಊಟಕ್ಕೇ ಹೋಗುವುದರಿಂದ, ಇಲ್ಲಿ ಲೆಕ್ಕ ತಪ್ಪಿದವನು ತಿಂಗಳ ಕೊನೆಯ ವಾರವನ್ನು ಚಹಾ ಮತ್ತು ಬಿಸ್ಕೀಟುಗಳ ಮೇಲೆ ದೂಡಬೇಕಾಗುತ್ತದೆ. ಆದ್ದರಿಂದ ಇದನ್ನು ಪ್ರಯೋಗಶಾಲೆಯ ಪ್ರಶ್ನೆಯೊಂದನ್ನು ವಿಚಾರಿಸುವಂತೆಯೇ ವಿಚಾರಿಸೋಣ. ಮುಂದೆ ಕೊಡುವ ದರಗಳು ಲೆಕ್ಕದ ಸಲುವಾಗಿ ನಾವು ಇಟ್ಟುಕೊಂಡವು. ವಾಚಕರು ಆ ಸ್ಥಾನದಲ್ಲಿ ತಮ್ಮ ಖಾನಾವಳಿಯ ದರಗಳನ್ನು ಇಟ್ಟು ನೋಡಬೇಕು.

ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು, ಮಜ್ಜಿಗೆಗಳಿರುವ ಒಂದು ಬಿಡಿ ಊಟಕ್ಕೆ ೮೦ ರೂಪಾಯಿ ಎಂದಿಟ್ಟುಕೊಳ್ಳೋಣ. ತಿಂಗಳಿಗೆ ಮುಂಗಡ ಕಟ್ಟುವವರಿಗೆ ೩೦೦೦ ರೂಪಾಯಿ. ದಿನಕ್ಕೆ ಎರಡರಂತೆ ೩೦ ದಿನಗಳಿಗೆ ೬೦ ಊಟ. ಬಿಡಿಯಾಗಿ ಉಂಡರೆ ೪೮೦೦ ರೂಪಾಯಿ. ಆದ್ದರಿಂದ ಮುಂಗಡ ಕಟ್ಟಿದವನಿಗೆ ೧೮೦೦ ರೂಪಾಯಿಗಳ ಲಾಭ. ಗಲ್ಲೆಯ ಮೇಲೆ ಕುಳಿತವರು ಹೇಳುವ ಲೆಕ್ಕ ಇದು. ಇದರಲ್ಲಿ ಸುಳ್ಳಿಲ್ಲ. ಆದರೆ ಇದು ಖಾನಾವಳಿಯು ಬಡಿಸಲು ಸಿದ್ಧವಿರುವ ಊಟಗಳ ಲೆಕ್ಕವೇ ಹೊರತು ನಾವು ಉಣ್ಣುವ ಊಟಗಳ ಲೆಕ್ಕವಲ್ಲ.

ತಿಂಗಳ ಹಣವನ್ನು 'ಮ' ಎಂದೂ ಬಿಡಿ ಊಟದ ಬೆಲೆಯನ್ನು 'ಬ' ಎಂದೂ ಕರೆದರೆ, ಲಾಭನಷ್ಟಗಳೆರಡೂ ಇಲ್ಲದ ಸಮತೋಲನದ ಊಟಗಳ ಸಂಖ್ಯೆ 'ನ' ಎಂಬುದು ಮ ÷ ಬ ಆಗುತ್ತದೆ. ನಮ್ಮ ಉದಾಹರಣೆಯಲ್ಲಿ ೩೦೦೦ನ್ನು ೮೦ರಿಂದ ಭಾಗಿಸಿದರೆ ೩೭.೫. ಅಂದರೆ ೩೮ ಊಟಗಳನ್ನು ಉಂಡವನಿಗೆ ಹಣ ಮರಳಿದಂತಾಯಿತು. ೬೦ರಲ್ಲಿ ೩೮ ಎಂದೊಡನೆ ಯಾರಿಗಾದರೂ ಧೈರ್ಯ ಬರುತ್ತದೆ.

ಈಗ ೬೦ನ್ನು ಸ್ವಲ್ಪ ಪರೀಕ್ಷಿಸೋಣ. ಅನೇಕ ಖಾನಾವಳಿಗಳಲ್ಲಿ ರವಿವಾರ ರಾತ್ರಿ ಒಲೆ ಹೊತ್ತುವುದಿಲ್ಲ. ತಿಂಗಳಲ್ಲಿ ನಾಲ್ಕು ರವಿವಾರಗಳಿದ್ದರೆ ಉಳಿದದ್ದು ೫೬. ವಿದ್ಯಾರ್ಥಿಯು ಎರಡು ಸಲ ಶನಿವಾರ ಸಂಜೆ ಊರಿಗೆ ಹೊರಟನೆಂದರೆ, ಶನಿವಾರ ರಾತ್ರಿಯ ಮತ್ತು ರವಿವಾರ ಮಧ್ಯಾಹ್ನದ ಊಟಗಳು ಸೇರಿ ಇನ್ನೂ ನಾಲ್ಕು ಹೋದವು, ೫೨. ಹಬ್ಬಕ್ಕೋ ಮನೆಯ ಮದುವೆಗೋ ಮೂರು ದಿನ ಹೋದರೆ ಆರು, ೪೬. ಬೆಳಿಗ್ಗೆ ಹನ್ನೊಂದಕ್ಕೆ ಗಿರಮಿಟ್ಟು ಮಿರ್ಚಿ ತಿಂದು ಮಧ್ಯಾಹ್ನ ಹಸಿವಿಲ್ಲದಿರುವುದು, ಪ್ರಯೋಗದ ತರಗತಿ ಮುಗಿಯುವಷ್ಟರಲ್ಲಿ ಪಾತ್ರೆ ಖಾಲಿಯಾಗಿರುವುದು, ಗೆಳೆಯನ ಮನೆಯಲ್ಲಿ ಊಟಕ್ಕೆ ಎಬ್ಬಿಸದೆ ಬಿಡದಿರುವುದು ಇವುಗಳಿಗೆ ಆರನ್ನು ಮಾತ್ರ ಕಳೆಯೋಣ. ನಿಂತದ್ದು ೪೦. ನಲವತ್ತನ್ನು ೮೦ರಿಂದ ಗುಣಿಸಿದರೆ ೩೨೦೦. ಸಾವಿರದ ಎಂಟುನೂರರ ಲಾಭವು ಇನ್ನೂರಕ್ಕೆ ಇಳಿಯಿತು. ಆದರೂ ಲಾಭವೇ ಎಂದು ವಾಚಕರು ಹೇಳಬಹುದು.

ಅದೂ ಸಂದೇಹವೇ. ಮುಂಗಡ ಕಟ್ಟದೆ ಇದ್ದಿದ್ದರೆ ಆ ನಲವತ್ತು ಸಲವೂ ವಿದ್ಯಾರ್ಥಿಯು ೮೦ ರೂಪಾಯಿಗಳ ಪೂರ್ಣ ಊಟವನ್ನೇ ಕೊಳ್ಳುತ್ತಿದ್ದನೇ? ನಮಗೆ ತಿಳಿದಮಟ್ಟಿಗೆ ಯಾರೂ ಹಾಗೆ ಮಾಡುವುದಿಲ್ಲ. ಹದಿನಾರು ಸಲ ಪೂರ್ಣ ಊಟ, ಇಪ್ಪತ್ತನಾಲ್ಕು ಸಲ ೫೦ ರೂಪಾಯಿಗಳ ಪಲಾವೋ ಪೂರಿಯೋ ಎಂದು ಭಾವಿಸೋಣ. ಮೊದಲನೆಯದಕ್ಕೆ ೧೨೮೦, ಎರಡನೆಯದಕ್ಕೆ ೧೨೦೦, ಒಟ್ಟು ೨೪೮೦ ರೂಪಾಯಿ. ಸರಾಸರಿ ಒಂದು ಊಟಕ್ಕೆ ೬೨. ಹೀಗಿರುವಾಗ ಸೂತ್ರದಲ್ಲಿ 'ಬ' ಎಂಬುದು ಹಲಗೆಯ ಮೇಲೆ ಬರೆದಿರುವ ದರವಲ್ಲ. ನಮ್ಮ ಕೈಯಿಂದ ನಿಜವಾಗಿ ಹೋಗುತ್ತಿದ್ದ ಹಣದ ಸರಾಸರಿ. ೩೦೦೦ನ್ನು ೬೨ರಿಂದ ಭಾಗಿಸಿದರೆ ೪೮ಕ್ಕೆ ಮೇಲಾಗುತ್ತದೆ. ಸಮತೋಲನಕ್ಕೆ ೪೯ ಊಟ ಬೇಕು. ನಮ್ಮ ವಿದ್ಯಾರ್ಥಿ ಉಣ್ಣುವುದು ೪೦. ಅವನಿಗೆ ೫೨೦ ರೂಪಾಯಿ ನಷ್ಟ. ಊಟದ ದರವಾಗಲಿ ತಿಂಗಳ ಹಣವಾಗಲಿ ಬದಲಾಗಲಿಲ್ಲ. ಹೋಲಿಕೆಯ ಆಧಾರವನ್ನು ಸರಿಪಡಿಸಿದೊಡನೆ ಉತ್ತರವೇ ತಿರುಗಿತು. ಭೌತಶಾಸ್ತ್ರದಲ್ಲಿ ವೇಗವನ್ನು ಹೇಳುವಾಗ 'ಯಾವುದಕ್ಕೆ ಹೋಲಿಸಿ' ಎಂದು ಕೇಳುತ್ತೇವಲ್ಲವೆ? ಉಳಿತಾಯಕ್ಕೂ ಆ ಪ್ರಶ್ನೆಯನ್ನು ಕೇಳತಕ್ಕದ್ದು.

ಊಟವನ್ನು ಮುಂಗಡವಾಗಿ ಮಾರುವುದು ನಮ್ಮ ಕಡೆಯ ಖಾನಾವಳಿಗಳ ಪದ್ಧತಿ ಮಾತ್ರವಲ್ಲ. ಅಮೆರಿಕದ ಫ್ಲಾರಿಡಾದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್ ಎಂಬ ವಿಶಾಲ ವಿನೋದವನದಲ್ಲಿ ಅತಿಥಿಗಳಿಗೆ ೨೦೦೫ರಿಂದ ಇಂತಹದೊಂದು ಊಟದ ಯೋಜನೆಯನ್ನು ಮಾರತೊಡಗಿದರು. ೨೦೨೦ರಲ್ಲಿ ಸಾಂಕ್ರಾಮಿಕದಿಂದ ನಿಂತುಹೋದ ಅದು ೨೦೨೪ರ ಜನವರಿಯಲ್ಲಿ ಮತ್ತೆ ಆರಂಭವಾಯಿತು. ತಂಗುವ ಎಲ್ಲ ರಾತ್ರಿಗಳಿಗೂ ಅದನ್ನು ಕೊಳ್ಳಬೇಕು. ಹೊರಡುವ ದಿನದ ಮಧ್ಯರಾತ್ರಿಯ ಹೊತ್ತಿಗೆ ಉಳಿದುಹೋದ ಊಟಗಳು ಲೋಪವಾಗುತ್ತವೆ. ಅಲ್ಲಿಯೂ ಯೋಜನೆಯಿಂದ ದೊರೆಯುವ ಅತಿ ದುಬಾರಿಯ ಭಕ್ಷ್ಯದ ಬೆಲೆಯೊಡನೆ ಹೋಲಿಸುವವನಿಗೆ ಲಾಭ ಕಾಣುತ್ತದೆ. ತಾನೇ ಹಣ ಕೊಡುವುದಾಗಿದ್ದರೆ ಏನನ್ನು ತಿನ್ನುತ್ತಿದ್ದೆ ಎಂದು ಕೇಳಿಕೊಳ್ಳುವವನಿಗೆ ಅನೇಕ ವೇಳೆ ಕಾಣುವುದಿಲ್ಲ.

ನಾವು ಎಷ್ಟು ಸಲ ಉಣ್ಣುತ್ತೇವೆ ಎಂಬುದನ್ನು ನೆನಪಿನಿಂದ ಹೇಳಬಹುದೆಂದು ತಿಳಿಯುವುದು ಸರಿಯಲ್ಲ. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಅಮೆರಿಕದ ಮೂರು ವ್ಯಾಯಾಮಶಾಲೆಗಳ ೭೭೫೨ ಸದಸ್ಯರ ಹಾಜರಿಯನ್ನು ಅವರು ಪರಿಶೀಲಿಸಿದರು. ತಿಂಗಳಿಗೆ ೭೦ ಡಾಲರುಗಳಿಗೂ ಹೆಚ್ಚು ಕಟ್ಟುತ್ತಿದ್ದವರು ಸರಾಸರಿ ೪.೩ ಸಲ ಮಾತ್ರ ಬರುತ್ತಿದ್ದರು. ಒಂದೊಂದು ಭೇಟಿಗೆ ೧೭ ಡಾಲರುಗಳಿಗಿಂತ ಹೆಚ್ಚು ಬಿದ್ದಂತಾಯಿತು. ಅದೇ ಶಾಲೆಗಳಲ್ಲಿ ಹತ್ತು ಭೇಟಿಗಳ ಚೀಟಿಯನ್ನು ಕೊಂಡಿದ್ದರೆ ಭೇಟಿಗೆ ೧೦ ಡಾಲರು ಸಾಕಿತ್ತು. ಅವರು ದಡ್ಡರಲ್ಲ, ಮುಂದಿನ ತಿಂಗಳು ತಾವು ಹೆಚ್ಚು ನಿಯಮಬದ್ಧರಾಗಿರುವೆವೆಂದು ನಂಬಿದ್ದರು. ಆದ್ದರಿಂದ ಮುಂಗಡ ಕಟ್ಟುವ ಮೊದಲು ಒಂದು ತಿಂಗಳು ಬಿಡಿಯಾಗಿ ಉಂಡು, ಪ್ರತಿ ಹೊತ್ತಿನ ಖರ್ಚನ್ನು ಒಂದು ವಹಿಯಲ್ಲಿ ಬರೆದಿಡಬೇಕೆಂಬುದು ನಮ್ಮ ಸಲಹೆ. ಅಳತೆ ಮಾಡದೆ ಸೂತ್ರದಲ್ಲಿ ಸಂಖ್ಯೆ ತುಂಬುವುದನ್ನು ಪ್ರಯೋಗಶಾಲೆಯಲ್ಲಿ ಯಾವ ಅಧ್ಯಾಪಕರೂ ಒಪ್ಪುವುದಿಲ್ಲ.

ಹಾಗಾದರೆ ಖಾನಾವಳಿಯವರು ನಮ್ಮನ್ನು ವಂಚಿಸುತ್ತಾರೆಯೇ? ಇಲ್ಲ. ಅವರ ಕಡೆಯ ಗಣಿತವು ಬೇರೆ, ಮತ್ತು ಅದು ಬಹು ಸುಂದರವಾದುದು. ಒಬ್ಬ ವಿದ್ಯಾರ್ಥಿಯು ಒಂದು ಹೊತ್ತಿನ ಊಟಕ್ಕೆ ಬರುವ ಸಂಭವನೀಯತೆ ೦.೮ ಎಂದಿರಲಿ. ಈ ರಾತ್ರಿ ಅವನು ಬರುವನೋ ಇಲ್ಲವೋ ಯಾರೂ ಹೇಳಲಾರರು. ಆದರೆ ಅಂತಹ ನೂರು ಜನ ಮುಂಗಡ ಕಟ್ಟಿದ್ದರೆ ಸರಾಸರಿ ೮೦ ಜನ ಬರುತ್ತಾರೆ. ಈ ಸಂಖ್ಯೆಯ ಏರಿಳಿತವನ್ನು ಅಳೆಯುವ ಮಾನಕ ವಿಚಲನೆಯು ೧೦೦ × ೦.೮ × ೦.೨ ಎಂಬುದರ ವರ್ಗಮೂಲ, ಅಂದರೆ ೪. ಒಬ್ಬನ ವಿಷಯದಲ್ಲಿ ಅನಿಶ್ಚಯವು ಸರಾಸರಿಯ ಅರ್ಧದಷ್ಟಿದ್ದರೆ, ನೂರು ಜನರ ವಿಷಯದಲ್ಲಿ ಅದು ಇಪ್ಪತ್ತರಲ್ಲಿ ಒಂದು ಭಾಗ. ಜನರು ನೂರ್ಮಡಿಯಾದರೆ ಅನಿಶ್ಚಯವು ಹತ್ತನೆಯ ಒಂದಕ್ಕೆ ಇಳಿಯುತ್ತದೆ. ಈ ದೊಡ್ಡ ಸಂಖ್ಯೆಗಳ ನಿಯಮವನ್ನು ಮೊದಲು ಸಾಧಿಸಿದವನು ಯಾಕೋಬ್ ಬರ್ನೂಲಿ. ಅವನು ತೀರಿದ ಎಂಟು ವರ್ಷಗಳ ಮೇಲೆ, ೧೭೧೩ರಲ್ಲಿ, ಅವನ ಗ್ರಂಥ ಹೊರಬಂದಿತು. ಒಂದೊಂದು ಅಣುವಿನ ಚಲನೆ ಗೊತ್ತಿಲ್ಲದಿದ್ದರೂ ಅನಿಲದ ಒತ್ತಡವು ಸ್ಥಿರವಾಗಿ ತೋರುವುದು ಇದೇ ಕಾರಣದಿಂದ. ಖಾನಾವಳಿಯವರು ಬರ್ನೂಲಿಯನ್ನು ಓದದಿದ್ದರೂ ತೊಂಬತ್ತು ಜನಕ್ಕೆ ಅಡಿಗೆ ಮಾಡಿ ನಿಶ್ಚಿಂತರಾಗಿರುತ್ತಾರೆ. ಬಾರದವರ ಊಟದ ಖರ್ಚು ಉಳಿಯುವುದರಿಂದಲೂ ಮುಂಗಡ ಹಣದಿಂದ ಜೋಳ ಬೇಳೆಗಳನ್ನು ಸಗಟಾಗಿ ಕೊಳ್ಳಲಾಗುವುದರಿಂದಲೂ ಅವರು ದರ ಇಳಿಸಬಲ್ಲರು.

ಈ ವಾದದಲ್ಲಿ ಒಂದು ಷರತ್ತಿದೆ. ಒಬ್ಬನು ಬರುವುದು ಇನ್ನೊಬ್ಬನು ಬರುವುದನ್ನು ಅವಲಂಬಿಸಿರಬಾರದು. ನಾಗರಪಂಚಮಿಯಂದು ಈ ಷರತ್ತು ಪೂರ್ಣ ಮುರಿಯುತ್ತದೆ; ಉಂಡಿ ತಿನ್ನಲು ಎಲ್ಲರೂ ಒಟ್ಟಿಗೇ ಊರಿಗೆ ಹೋಗುತ್ತಾರೆ. ವಿದ್ಯಾರ್ಥಿಯ ಲೆಕ್ಕದಲ್ಲಿಯೂ ಹೀಗೆಯೇ. ಒಂದು ಜ್ವರ ಬಂದರೆ ತಪ್ಪುವುದು ಒಂದು ಊಟವಲ್ಲ, ಸಾಲಾಗಿ ಎಂಟೋ ಹತ್ತೋ. ಆದ್ದರಿಂದ ಸಮತೋಲನದ ಸಂಖ್ಯೆಗಿಂತ ಎರಡು ಮೂರು ಊಟಗಳಷ್ಟೇ ಮೇಲಿರುವವನು ತನ್ನದು ಲಾಭದ ವ್ಯವಹಾರವೆಂದು ಎಣಿಸಬಾರದು.

ಹಣ ಕಟ್ಟಿಯಾದ ಮೇಲೆ ಇನ್ನೊಂದು ವಿಚಿತ್ರ ನಡೆಯುತ್ತದೆ. ೧೯೮೫ರಲ್ಲಿ ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ವಿಶ್ವವಿದ್ಯಾಲಯದ ನಾಟಕಶಾಲೆಯಲ್ಲಿ ಇಡೀ ಋತುವಿನ ಟಿಕೇಟುಗಳನ್ನು ಕೆಲವರಿಗೆ ಪೂರ್ಣ ಬೆಲೆಗೂ ಕೆಲವರಿಗೆ ರಿಯಾಯಿತಿಯಲ್ಲಿಯೂ ಮಾರಲಾಗಿತ್ತು. ನಾಟಕಗಳು ಎಲ್ಲರಿಗೂ ಅವೇ. ಆದರೂ ಋತುವಿನ ಮೊದಲರ್ಧದಲ್ಲಿ ಪೂರ್ಣ ಬೆಲೆ ತೆತ್ತವರೇ ಹೆಚ್ಚು ನಾಟಕಗಳಿಗೆ ಬಂದರು. 'ದುಡ್ಡು ವಸೂಲಾಗಬೇಕು' ಎಂದು ನಾವು ಹೇಳುವ ಮಾತು ಇದೇ. ಈ ವಸೂಲಿಯ ಬುದ್ಧಿ ಖಾನಾವಳಿಯಲ್ಲಿ ಹೊಟ್ಟೆಯ ಮೇಲೆ ಪ್ರಯೋಗವಾಗುತ್ತದೆ. ಕಟ್ಟಿದ ಹಣವು ಎರಡು ರೊಟ್ಟಿ ತಿಂದರೂ ಐದು ತಿಂದರೂ ಮರಳಿ ಬಾರದು. ಐದನೆಯ ರೊಟ್ಟಿಯನ್ನು ತಿನ್ನಬೇಕೇ ಎಂಬುದನ್ನು ನಿರ್ಣಯಿಸತಕ್ಕದ್ದು ಹಸಿವು. ಜ್ವರದಲ್ಲಿ ಎದ್ದು ಹೋಗಿ ಉಣ್ಣುವುದೂ ಲಾಭವಲ್ಲ.

ಇಷ್ಟಾದರೂ ಮುಂಗಡ ಕಟ್ಟಲೇಬಾರದೆಂದು ನಾವು ಹೇಳಲಾರೆವು. ಕೈಯಲ್ಲಿ ಹಣ ನಿಲ್ಲದ ಸ್ವಭಾವದವನಿಗೆ ೫೨೦ ರೂಪಾಯಿಗಳ ನಷ್ಟವೂ ಒಂದು ವಿಮೆಯ ಕಂತಿನಂತೆ. ಮೊದಲ ವಾರದಲ್ಲಿ ಊಟದ ಹಣವನ್ನು ಕಟ್ಟಿದವನು ಇಪ್ಪತ್ತೆಂಟನೆಯ ದಿನವೂ ಬಿಸಿ ಅನ್ನ ಉಣ್ಣುತ್ತಾನೆ. ಪರೀಕ್ಷೆಯ ತಿಂಗಳಲ್ಲಿ ಊರಿಗೆ ಹೋಗುವುದು ಕಡಿಮೆ, ಎಲ್ಲಿ ಉಣ್ಣಬೇಕೆಂಬ ಚಿಂತೆಗೆ ವೇಳೆಯೂ ಇಲ್ಲ; ಆಗ ಮುಂಗಡವೇ ಮೇಲು. ಹಬ್ಬಗಳ ತಿಂಗಳಲ್ಲಿ ಬಿಡಿ ಊಟವೇ ಮೇಲು. ವರ್ಷಕ್ಕೆಲ್ಲ ಒಂದೇ ಉತ್ತರವಿರಬೇಕೆಂಬ ನಿಯಮವೇನೂ ಇಲ್ಲ.

ವಾಚಕರ ಅಭ್ಯಾಸಕ್ಕಾಗಿ ಒಂದು ಲೆಕ್ಕ. ಮೊದಲೇ ತಿಳಿಸಿ ಮೂರು ದಿನ ಬಿಟ್ಟವರಿಗೆ ತಪ್ಪಿದ ಊಟಕ್ಕೆ ೪೦ ರೂಪಾಯಿಯಂತೆ ಮುಂದಿನ ತಿಂಗಳಲ್ಲಿ ಕಳೆದುಕೊಡುವ ಖಾನಾವಳಿಯೊಂದಿದೆ ಎನ್ನೋಣ. ಹಬ್ಬಕ್ಕೆ ಹೋದ ನಮ್ಮ ವಿದ್ಯಾರ್ಥಿಗೆ ಆರು ಊಟಗಳಿಗೆ ೨೪೦ ರೂಪಾಯಿ ಮರಳಿ, ನಷ್ಟವು ೨೮೦ಕ್ಕೆ ಇಳಿಯಿತು. ಅವನು ಊರಿನಲ್ಲಿ ಇನ್ನೂ ಎರಡು ದಿನ ನಿಂತು ನಾಲ್ಕು ಊಟಗಳನ್ನು ಬಿಟ್ಟರೆ ನಷ್ಟವು ಇನ್ನಷ್ಟು ಇಳಿಯುವುದೋ, ಏರುವುದೋ? ಇಳಿಯುವುದೆಂದು ಹೇಳುವ ಮೊದಲು, ಮುಂಗಡ ಕಟ್ಟದಿದ್ದರೆ ಆ ನಾಲ್ಕು ಹೊತ್ತುಗಳಲ್ಲಿ ಹೊತ್ತಿಗೆ ೬೨ ರೂಪಾಯಿಯಂತೆ ಎಷ್ಟು ಉಳಿಯುತ್ತಿತ್ತೆಂಬುದನ್ನೂ ಬರೆದು ನೋಡಬೇಕು.